ಹನ್ನೆರಡು ಹೆಜ್ಜೆ ದೂರ

ಗುತ್ತಲದ ಹತ್ತಿರದ ಸಣ್ಣ ಹಳ್ಳಿ ನಮ್ಮದು. ಹೋದ ಚಳಿಗಾಲದಲ್ಲಿ ಗೌಡರ ಮೊಮ್ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದಿದ್ದಳು. ಆ ಮನೆಗೆ ಅವ್ವ 30 ವರ್ಷದಿಂದ ದುಡಿಯುತ್ತಾಳೆ. ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದಳು:

‘ಅಲ್ಲಿಂದ ಬರಾಕ ಎಷ್ಟೊತ್ತ ಹಿಡೀತೈತೋ ತಮ್ಮಾ?’

ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವನು ನಾನು. ಹುಮ್ಮಸ್ಸು ಬಂತು. ಕುಂಬಳಕಾಯಿಗೆ ದಾರ ಸುತ್ತಿ ತೋರಿಸಿದೆ. ಭೂಮಿ ದುಂಡಗಿದೆ, ನಕಾಶೆಯಲ್ಲಿ ನೆಟ್ಟಗೆ ಕಾಣುವ ಗೆರೆ ಹತ್ತಿರದ ದಾರಿಯಲ್ಲ, ಹತ್ತಿರದ್ದು ಉತ್ತರ ಧ್ರುವದ ಕಡೆಗೆ ಬಾಗಿ ಹಾಯುತ್ತದೆ ಎಂದೆ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ನಡೆಸಿದವರೆಲ್ಲ ಹೆಣ್ಣುಮಕ್ಕಳು. ಸುಮಾರು 14,000 ಕಿಲೋಮೀಟರು, 17 ತಾಸು. ನಮ್ಮ ಗಡಿಯಾರ ಅವರಿಗಿಂತ ಹದಿಮೂರೂವರೆ ತಾಸು ಮುಂದಿದ್ದುದರಿಂದ ಇಳಿದಾಗ ಇಲ್ಲಿ 11ರ ನಸುಕು.

ಅವ್ವ ನಕ್ಕಳು. ‘ಹದಿನೇಳ ತಾಸ? ನಸಿಕಿನ್ಯಾಗ ಎದ್ದು ಮಲಗೂತನಕ ನಾ ದುಡಿಯೋದೂ ಅಷ್ಟ ಆತು.’ ಸ್ವಲ್ಪ ಹೊತ್ತಾದ ಮೇಲೆ ಅಂದಳು: ‘ಅವರ ಹಿತ್ತಲ ಬಾಗಲದಿಂದ ಅಡಗಿಮನಿಗೆ ಹನ್ನೆರಡ ಹೆಜ್ಜಿ. ನೀರ ಕೇಳಿ ನಿಂತಾಗ ಗೌಡಶಾನಿ ನಡೆಯೋದು ನೋಡಿ ಎಣಿಸೇನಿ. ಮೂವತ್ತ ವರ್ಷಾತು, ನಾ ಇನ್ನಾ ಮುಟ್ಟಿಲ್ಲ.’

ಅವತ್ತು ಆ ಹುಡುಗಿ ‘ಒಳಗ ಬಾ’ ಅಂದಳಂತೆ. ಗೌಡಶಾನಿ ಕೆಮ್ಮಿದಳಂತೆ. ಅವ್ವ ಬಾಗಿಲಲ್ಲೇ ನಿಂತಳಂತೆ.

ನನ್ನ ಕೈಯೊಳಗಿನ ದಾರ ಕೈಯಲ್ಲೇ ಉಳಿಯಿತು.

ಗೆಳೆಯರೆ, ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದ 1901ರ ಪ್ರಯಾಣ ನೆನಪಿಸಿಕೊಳ್ಳಿ. ಸಾತಾರಾ ಸೀಮೆಯ ಮಸೂರು ನಿಲ್ದಾಣದಲ್ಲಿ ಇಳಿದು, ಅಪ್ಪ ಕೆಲಸಕ್ಕಿದ್ದ ಗೋರೆಗಾಂವ್‌ಗೆ ಹೋಗಬೇಕಿತ್ತು. ಜಾತಿ ಗೊತ್ತಾದದ್ದೇ ಗಾಡಿಯವರು ಒಲ್ಲೆ ಅಂದರು. ಕೊನೆಗೆ ಎರಡು ಪಟ್ಟು ಬಾಡಿಗೆ. ಗಾಡಿ ಹೊಡೆದವರು ಮಕ್ಕಳೇ. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಸಂಜೆ ಹೊರಟವರು ಮುಟ್ಟಿದ್ದು ಮರುದಿನ. ಅದೇ ಹುಡುಗ 1913ರಲ್ಲಿ ಕಡಲು ದಾಟಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. ಯಾವುದು ದೂರದ ದಾರಿ?

ಗುತ್ತಲದಿಂದ ಹಾವೇರಿಗೆ ಬಸ್ಸಿನಲ್ಲಿ ಒಂದು ತಾಸೂ ಬೇಡ. ಅಜ್ಜ ಆ ದಾರಿಯಲ್ಲಿ ಹೊರೆ ಹೊತ್ತು ಹೋದ. ಅಪ್ಪ ಮೆಣಸಿನಕಾಯಿ ಚೀಲ ಇಳಿಸಲು ಹೋದ. ಕಾಲೇಜಿನ ಬಾಗಿಲು ಮುಟ್ಟಿದವನು ನಾನು. ನಮ್ಮ ಮನೆತನಕ್ಕೆ ಹಿಡಿದ ಹೊತ್ತು ಮೂರು ತಲೆಮಾರು.

ಹಳ್ಳಿಯ ಮೇಷ್ಟ್ರುಗಳೆ, ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆಂದು ಮಕ್ಕಳಿಗೆ ಕಲಿಸುತ್ತೀರಿ. ಕಲಿಸಿರಿ. ಹನ್ನೆರಡು ಹೆಜ್ಜೆಗೆ 30 ವರ್ಷವೂ ಯಾಕೆ ಸಾಲಲಿಲ್ಲ ಎಂಬ ಲೆಕ್ಕವನ್ನೂ ಹಲಗೆಯ ಮೇಲೆ ಬರೆಯಿರಿ.

‘ನಾಳೆ ನಿನ್ನ ಜೋಡಿ ನಾನೂ ಬರ್ತೇನಿ. ಮುಂಬಾಗಲಾಗ ಹೋಗೂಣು’ ಅಂದೆ.

ಅವ್ವ ರೊಟ್ಟಿ ತಿರುವಿದಳು. ‘ಶನಿವಾರ ಕೂಲಿ ಕೈಗೆ ಬರ್ಲಿ. ಆಮ್ಯಾಲ ಬಾ.’

ಬೇಡ ಅನ್ನಲಿಲ್ಲ ಅವ್ವ. ಅಷ್ಟು ಸಾಕು, ನಾನು ಹೊರಡಲು.