ಹಿಂದಿನ ಆಸನ

ಇಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಮಗನು ಮೇಜಿನ ಮೇಲೆ ತಂದಿಟ್ಟ ಮಾರಾಟದ ಪುಸ್ತಿಕೆಯೊಂದು ನನ್ನ ಮನಸ್ಸನ್ನು ಕದಡಿಬಿಟ್ಟಿತು. ಮೆಲ್ಬರ್ನಿನ ಪಶ್ಚಿಮದ ಅಂಚಿನಲ್ಲಿ, ವೆರಿಬಿಯ ಹೂಕೋಸಿನ ತೋಟಗಳಿಗೆ ಅಷ್ಟೇನೂ ದೂರವಲ್ಲದ ಹೊಸ ಬಡಾವಣೆಯಲ್ಲಿ ಮನೆಮಾಡಿಕೊಂಡು, ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸದಿಂದ ಸಂಸಾರವನ್ನು ಸಾಗಿಸುತ್ತಿರುವ ಅವನಿಗೆ, ವಾರದ ಐದು ದಿನ ಏಣಿ, ತಂತಿಯ ಸುರುಳಿ, ಸಲಕರಣೆಗಳನ್ನೂ, ಉಳಿದೆರಡು ದಿನ ಹೆಂಡತಿಮಕ್ಕಳನ್ನೂ, ಊರಿನಿಂದ ನಾವು ಬಂದಿರುವಾಗ ನಮ್ಮನ್ನೂ ಹೊರಬಲ್ಲ ವಾಹನವೊಂದು ಬೇಕಾಗಿದೆ. ಇಂಥ ಅಗತ್ಯವುಳ್ಳವರು ಈ ದೇಶದಲ್ಲಿ ಕೊಳ್ಳುವುದು ಡ್ಯುಯಲ್ ಕ್ಯಾಬ್ ಯೂಟನ್ನು. ಮುಂದೆ ನಾಲ್ಕು ಬಾಗಿಲು, ಎರಡು ಸಾಲು ಆಸನ, ಹಿಂದೆ ತೆರೆದ ತೊಟ್ಟಿ. ಪುಸ್ತಿಕೆಯಲ್ಲಿ ಇಂಜಿನಿನ ಬಲಕ್ಕೆ ಪುಟಗಟ್ಟಲೆ ವರ್ಣನೆ. ಕೆಸರನ್ನು ಸೀಳಿಕೊಂಡು ಬೆಟ್ಟವೇರುವ ಚಿತ್ರಗಳು ಇನ್ನಷ್ಟು ಪುಟ. ಹಿಂದಿನ ಆಸನಕ್ಕೋ, ಅಲ್ಲಿ ಮೂವರು ಕೂಡಬಹುದೆಂಬ ಒಂದೇ ವಾಕ್ಯ. ಆ ಮೂವರು ಯಾರು, ಎಷ್ಟು ಹೊತ್ತು ಕೂಡಬಲ್ಲರು, ಇಳಿದ ಮೇಲೆ ಅವರ ಬೆನ್ನು ಏನಾಗಿರುವುದು ಎಂಬುದನ್ನು ಬರೆದವರು ಯೋಚಿಸಿದಂತೆ ತೋರಲಿಲ್ಲ.

ಬೆಲೆ, ಡೀಸೆಲ್ಲಿನ ಖರ್ಚು, ನಾಲ್ಕು ಚಕ್ರಗಳ ಚಾಲನೆ, ತೆರಿಗೆಯ ರಿಯಾಯಿತಿ, ಇವೆಲ್ಲ ಮುಖ್ಯವಾದುವೇ. ಆದರೆ ಇವನ್ನು ವಿಚಾರಿಸದೆ ಕೊಳ್ಳುವವರಿಲ್ಲ. ಭಾರದ ಲೆಕ್ಕವೊಂದನ್ನು ಮಾತ್ರ ಹೇಳಿ ಮುಂದುವರಿಯುತ್ತೇನೆ. ಒಂದು ಟನ್ ಹೊರುವ ಗಾಡಿಯೆಂದರೆ ತೊಟ್ಟಿಯಲ್ಲಿ ಒಂದು ಟನ್ ಸರಕು ಎಂದಲ್ಲ. ಒಳಗೆ ಕೂತವರೂ, ಮುಂದೆ ಕಟ್ಟಿದ ಉಕ್ಕಿನ ಕಂಬಿಯೂ, ತೊಟ್ಟಿಯ ಮೇಲಿನ ಮುಚ್ಚಿಗೆಯೂ ಆ ಒಂದು ಟನ್ನಿನಲ್ಲಿಯೇ ಸೇರಿದುವು. ಅನೇಕ ಯೂಟುಗಳು ಎಳೆಯಬಲ್ಲವೆಂದು ಸಾರುವ 3,500 ಕಿಲೋಗ್ರಾಂ ತೂಕದ ಹಿಂಗಾಡಿಯನ್ನು ಕಟ್ಟಿದರೆ, ಅದರ ಹತ್ತನೆಯ ಒಂದು ಪಾಲು, ಎಂದರೆ ಸುಮಾರು 350 ಕಿಲೋಗ್ರಾಂ, ಕೊಂಡಿಯ ಮೇಲೆ ಬಿದ್ದು ಅದೂ ಈ ಲೆಕ್ಕಕ್ಕೇ ಬರುವುದು. ಅದರ ಜೊತೆಗೆ ಐದು ಮಂದಿ ವಯಸ್ಕರು ಹತ್ತಿ ಕುಳಿತರೆಂದರೆ ಉಳಿಯುವುದು ಕಾಲು ಟನ್ನಿನಷ್ಟು ಮಾತ್ರ. ಕೆಲಸಕ್ಕೂ ಸಂಸಾರಕ್ಕೂ ಒಂದೇ ಗಾಡಿ ಸಾಕೆನ್ನುವವರು, ಎರಡೂ ಏಕಕಾಲದಲ್ಲಿ ಬಂದು ಏರುವ ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹರಿಯುವುದು ಹಿಂದಿನ ಆಸನಕ್ಕೇ. ಈ ವಾಹನದ ಹುಟ್ಟಿನ ಕಥೆಯನ್ನು ನೆನೆದಾಗಲಂತೂ ನನ್ನ ವ್ಯಥೆ ಇಮ್ಮಡಿಸುವುದು. 1930ರ ದಶಕದ ಆದಿಯಲ್ಲಿ ವಿಕ್ಟೋರಿಯ ಪ್ರಾಂತದ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪೆನಿಗೆ ಕಾಗದ ಬರೆದು, ಭಾನುವಾರ ತಮ್ಮನ್ನು ನೆನೆಯಗೊಡದೆ ಇಗರ್ಜಿಗೆ ಒಯ್ದು ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸುವ ಒಂದೇ ಗಾಡಿಯನ್ನು ಮಾಡಿಕೊಡಿರೆಂದು ಕೇಳಿಕೊಂಡಳೆಂದೂ, ಆ ಕೋರಿಕೆಯಂತೆ ಜೀಲಾಂಗಿನ ಕಾರ್ಖಾನೆಯಲ್ಲಿದ್ದ, ಇಪ್ಪತ್ತರ ಹರೆಯದ ಲೂಯಿಸ್ ಬ್ಯಾಂಡ್ಟ್ ಎಂಬ ವಿನ್ಯಾಸಕಾರನು ಕಾರಿನ ಮುಂಭಾಗವನ್ನೂ ಸರಕಿನ ತೊಟ್ಟಿಯನ್ನೂ ಒಂದೇ ಮೈಯಾಗಿ ಬೆಸೆದನೆಂದೂ ಇಲ್ಲಿನವರು ಹೇಳುತ್ತಾರೆ. ಗಾಡಿ ಮಾರುಕಟ್ಟೆಗೆ ಬಂದುದು 1934ರಲ್ಲಿ. ಆಗ ಅದಕ್ಕೆ ಇದ್ದುದು ಒಂದೇ ಸಾಲು ಆಸನ. ಆದರೂ ಅದು ಹುಟ್ಟಿದುದು ಒಳಗೆ ಕೂತು ಹೋಗುವ ಹೆಂಗಸೊಬ್ಬಳ ನೆಮ್ಮದಿಗಾಗಿ. ಈಗ ಆಸನದ ಸಾಲು ಎರಡಾಗಿ, 2016ರಲ್ಲಿ ಹೈಲಕ್ಸ್ ಎಂಬ ಯೂಟು ಈ ದೇಶದಲ್ಲಿ ಎಲ್ಲ ಕಾರುಗಳಿಗಿಂತಲೂ ಹೆಚ್ಚು ಮಾರಾಟವಾಗಿ, 2023ರಲ್ಲಿ ಆ ಸ್ಥಾನ ರೇಂಜರ್ ಎಂಬ ಇನ್ನೊಂದು ಯೂಟಿಗೆ ಸಂದು, ಯೂಟು ಮನೆಮನೆಯ ವಾಹನವಾಗಿರುವ ಕಾಲದಲ್ಲಿ, ಕೂತು ಹೋಗುವವರೇ ಮರೆತುಹೋಗಿದ್ದಾರೆ.

ಹಿಂದಿನ ಆಸನ ಹಿತವಾಗಿಲ್ಲದಿರುವುದಕ್ಕೆ ಕಾರಣ ಅರಿಯದ್ದಲ್ಲ. ಗಾಡಿಯ ಒಟ್ಟು ಉದ್ದ ಐದೂಕಾಲು ಮೀಟರಿನ ಆಸುಪಾಸು. ಅದರಲ್ಲಿ ಒಂದೂವರೆ ಮೀಟರನ್ನು ತೊಟ್ಟಿಗೆ ಬಿಡಬೇಕು. ಹಿಂದಿನ ಆಸನದ ಬೆನ್ನನ್ನು ಸ್ವಲ್ಪ ಒರಗಿಸಿದರೂ ಆ ಸ್ಥಳ ಮೊಣಕಾಲಿನಿಂದಲೋ ತೊಟ್ಟಿಯಿಂದಲೋ ಬರಬೇಕು. ಆದುದರಿಂದ ಬೆನ್ನು ಗೋಡೆಗೆ ತಾಗಿ ನೆಟ್ಟಗೆ ನಿಲ್ಲುವುದು. ಕೆಳಗೆ ಚೌಕಟ್ಟಿನ ತೊಲೆಗಳು ಹಾದುಹೋಗುವುದರಿಂದ ನೆಲ ಎತ್ತರವಾಗಿ, ಕೂತವರ ಮಂಡಿ ಮೇಲೇರುವುದು. ಟನ್ ಭಾರಕ್ಕೆಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ತೊಟ್ಟಿ ಬರಿದಾಗಿರುವಾಗ ಬಾಗಲೊಲ್ಲದೆ, ರಸ್ತೆಯ ಏರುತಗ್ಗುಗಳನ್ನೆಲ್ಲ ಬೆನ್ನುಮೂಳೆಗೆ ಒಪ್ಪಿಸುವುದು. ನವಾರಾದಂಥ ಕೆಲವು ಯೂಟುಗಳಿಗೆ ಸುರುಳಿ ಸ್ಪ್ರಿಂಗನ್ನು ಇಟ್ಟರು. ಅದು ಮೆಚ್ಚತಕ್ಕ ಕೆಲಸ.

ಆಸನವೆಂದಾಗ ಶೂದ್ರಕನ ಮೃಚ್ಛಕಟಿಕವು ನೆನಪಾಗುತ್ತದೆ. ನಾಟಕಕ್ಕೆ ಹೆಸರು ಬಂದುದು ಮಗುವಿನ ಮಣ್ಣಿನ ಬಂಡಿಯಿಂದಾದರೂ, ಕಥೆ ಹೊರಳುವುದು ಒಂದು ಹಾಸಿನಿಂದ. ನಾಯಕಿ ವಸಂತಸೇನೆಯನ್ನು ಉದ್ಯಾನಕ್ಕೆ ಕರೆದೊಯ್ಯಲು ಬಂದ, ನಾಯಕ ಚಾರುದತ್ತನ ಸಾರಥಿ ವರ್ಧಮಾನಕನು ಬಂಡಿಯ ಹಾಸನ್ನು ಮರೆತು ಬಂದುದನ್ನು ನೆನೆದು, ಅದನ್ನು ತರಲು ಬಂಡಿಯೊಡನೆಯೇ ಹಿಂದಿರುಗುವನು. ಆ ವೇಳೆಗೆ ಬಾಗಿಲ ಬಳಿ ಬಂದು ನಿಂತ ಖಳನಾಯಕ ಶಕಾರನ ಬಂಡಿಯನ್ನು ತನ್ನದೆಂದು ತಿಳಿದು ಅವಳು ಏರುವಳು. ಅಲ್ಲಿಂದ ಅವಳಿಗೆ ಸಾವಿನ ಅಂಚು, ಚಾರುದತ್ತನಿಗೆ ವಧ್ಯಸ್ಥಾನದ ದಾರಿ. ಸಾರಥಿಯನ್ನು ದೂಷಿಸುವವರಿದ್ದಾರೆ. ನಾನು ಅವನ ಪಕ್ಷ. ಹಾಸಿಲ್ಲದ ಬಂಡಿಯಲ್ಲಿ ಹೆಣ್ಣುಮಗಳನ್ನು ಕೂರಿಸಿಕೊಂಡು ಹೋಗಲು ಅವನ ಮನಸ್ಸು ಒಪ್ಪಲಿಲ್ಲ.

ನಮ್ಮ ಮಂಡ್ಯದ ಸೀಮೆಯಲ್ಲಿಯೂ ಆ ಮನಸ್ಸು ಇತ್ತು. ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದ ಗಾಡಿಯನ್ನೇ ವೈರಮುಡಿ ಉತ್ಸವದ ಮುನ್ನಾದಿನ ತೊಳೆದು, ಬಿದಿರಿನ ಕಮಾನನ್ನು ಕಟ್ಟಿ, ಮೊಣಕಾಲೆತ್ತರ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿ ಮೇಲುಕೋಟೆಗೆ ಹೊರಡುತ್ತಿದ್ದರು. ಮೊದಲು ಅಜ್ಜಿ ಹತ್ತಿ, ಅಂಗೈಯಿಂದ ಹುಲ್ಲನ್ನು ಒತ್ತಿ ನೋಡಿ, “ಈ ಕಡೆ ಇನ್ನೊಂದು ಹಿಡಿ ಹಾಕಪ್ಪ” ಎನ್ನುವಳು. ಅವಳು ಸಾಕೆನ್ನುವವರೆಗೆ ಎತ್ತುಗಳ ಹೆಗಲಿಗೆ ನೊಗ ಏರುತ್ತಿರಲಿಲ್ಲ. ಆ ಗಾಡಿಯೂ ಕೆಲಸಕ್ಕೂ ಸಂಸಾರಕ್ಕೂ ಒಂದೇ ಆಗಿದ್ದುದೇ. ಆದರೆ ಸಂಸಾರದ ದಿನ ಅದು ಸಂಸಾರದ ಗಾಡಿಯಾಗುತ್ತಿತ್ತು.

ಈ ಮಾತನ್ನು ಮಗನಿಗೆ ಹೇಳಿದೆ. “ಹಾಗಾದರೆ ಅಪ್ಪ, ಶನಿವಾರ ಅಮ್ಮನನ್ನೂ ಕರೆದುಕೊಂಡು ಹೋಗಿ ಕೂರಿಸಿಯೇ ನೋಡೋಣ” ಎಂದನು. ನನಗೆ ಸಂತೋಷವಾಯಿತು. ಮಕ್ಕಳ ವಿಷಯವನ್ನು ಸೊಸೆ ಎತ್ತಿದಳು. ಏಳು ವರ್ಷದೊಳಗಿನವರು ಮಕ್ಕಳ ಆಸನದಲ್ಲಿಯೇ ಇರಬೇಕೆಂದೂ, ಎರಡು ಸಾಲಿರುವ ಗಾಡಿಯಲ್ಲಿ ನಾಲ್ಕು ತುಂಬದವರು ಹಿಂದೆಯೇ ಕೂಡಬೇಕೆಂದೂ ಇಲ್ಲಿನ ಕಾನೂನು. ಆ ಮಕ್ಕಳ ಆಸನದ ಮೇಲುಪಟ್ಟಿಯನ್ನು ಅನೇಕ ಯೂಟುಗಳಲ್ಲಿ ಬೆನ್ನಿನ ಹಿಂದಿನ ಇಕ್ಕಟ್ಟಿನಲ್ಲಿ ಕೈತೂರಿಸಿ, ಬಟ್ಟೆಯ ಕುಣಿಕೆಯೊಂದರೊಳಗೆ ನುಸುಳಿಸಿ ಬಿಗಿಯಬೇಕು. ಅಳುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅದನ್ನು ಮಾಡಬೇಕಾದವಳಿಗೆ ಇಂಜಿನಿನ ಬಲದಿಂದ ಆಗುವ ಉಪಕಾರವೇನು?

2022ರಿಂದ ನಮ್ಮ ನಾಡಿನಲ್ಲಿಯೂ ಹೈಲಕ್ಸ್ ಮಾರಾಟಕ್ಕಿದೆ. ಅದು ಸಿದ್ಧವಾಗಿ ಹೊರಬೀಳುವುದು ಬಿಡದಿಯ ಕಾರ್ಖಾನೆಯಿಂದ. ಕೊಡಗಿನ ಕಾಫಿ ತೋಟದವರಾಗಲಿ, ಮಲೆನಾಡಿನ ಅಡಕೆ ಬೆಳೆಗಾರರಾಗಲಿ, ಮೆಲ್ಬರ್ನಿನ ಕನ್ನಡಿಗರಾಗಲಿ, ಇಂಥ ಗಾಡಿಯನ್ನು ಕೊಳ್ಳಹೊರಟವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ: ಅಂಗಡಿಗೆ ಹೋಗುವಾಗ ಮನೆಯ ಹಿರಿಯರನ್ನೂ, ಮಗುವಿನ ಆಸನವನ್ನೂ ಜೊತೆಗೆ ಒಯ್ಯಿರಿ, ತೊಟ್ಟಿ ಬರಿದಾಗಿರುವಾಗಲೇ, ಹಾಳು ರಸ್ತೆಯೊಂದರಲ್ಲಿ, ಅವರನ್ನು ಹಿಂದೆ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿರಿ, ಸಾಧ್ಯವಾದರೆ ಚಾಲಕನ ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟು ನೀವೂ ಹಿಂದೆಯೇ ಕುಳಿತುಕೊಳ್ಳಿರಿ. ಹಣ ಕೊಡುವ ಮಾತು ಅನಂತರವಿರಲಿ.