ಎತ್ತರವೂ ಹೊಣೆಯೂ

ಮನುಷ್ಯನು ಮಾಡುವ ಕಾರ್ಯಕ್ಕೂ ಅದರ ಫಲವನ್ನು ಅನುಭವಿಸುವವನಿಗೂ ನಡುವೆ ದೂರ ಹೆಚ್ಚಿದಷ್ಟೂ ಅಂತಃಕರಣದ ಅಳುಕು ಕಡಿಮೆಯಾಗುತ್ತದೆ. ಎದುರಿಗೆ ನಿಂತವನನ್ನು ಹೊಡೆಯಲು ಹಿಂಜರಿಯುವ ಕೈ, ಕಣ್ಣಿಗೆ ಕಾಣದವನ ಮೇಲೆ ಸುಲಭವಾಗಿ ಏಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ನೂರನೆಯ ಬಾಂಬರ್ ದಳದ ಚರಿತ್ರೆಯು ಈ ಮಾತನ್ನು ಒರೆಗೆ ಹಚ್ಚಿ ನೋಡಲು ತಕ್ಕ ನಿದರ್ಶನವಾಗಿದೆ.

1942ರಲ್ಲಿ ರಚಿತವಾದ ಈ ದಳವು 1943ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಥಾರ್ಪ್ ಅಬಟ್ಸ್ ಎಂಬ ಹಳ್ಳಿಯ ನೆಲೆಗೆ ಬಂದಿತು. ಅದರ ವಿಮಾನ ‘ಹಾರುವ ಕೋಟೆ’ ಎಂದು ಹೆಸರಾದ ಬಿ-17. ನಾಲ್ಕು ಎಂಜಿನ್, ಹತ್ತು ಮಂದಿ ಯೋಧರು. ಸುಮಾರು 25,000 ಅಡಿ ಎತ್ತರದಲ್ಲಿ, ಮೈ ಮರಗಟ್ಟಿಸುವ ಚಳಿಯಲ್ಲಿ, ಆಮ್ಲಜನಕದ ಮುಖವಾಡ ಧರಿಸಿ ಅವರು ಹಗಲು ಹೊತ್ತಿನಲ್ಲಿಯೇ ಜರ್ಮನಿಯ ಮೇಲೆ ಹಾರುತ್ತಿದ್ದರು. ಬಹುಮಂದಿ ಇಪ್ಪತ್ತರ ಆಸುಪಾಸಿನ ತರುಣರು. ಇಪ್ಪತ್ತೈದು ದಾಳಿ ಮುಗಿಸಿದವನಿಗೆ ಮನೆಗೆ ಮರಳುವ ಅವಕಾಶವಿತ್ತು. ಆದರೆ ಆ ಸಂಖ್ಯೆಯನ್ನು ಮುಟ್ಟಿದವರು ವಿರಳ. 1943ರ ಆಗಸ್ಟ್ 17ರಂದು ರೇಗೆನ್ಸ್‌ಬರ್ಗ್ ದಾಳಿಯೊಂದರಲ್ಲೇ ದಳವು ಒಂಬತ್ತು ವಿಮಾನಗಳನ್ನು ಕಳೆದುಕೊಂಡಿತು. ‘ರಕ್ತಸಿಕ್ತ ನೂರನೆಯ ದಳ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿಕೊಂಡಿತು. ಯುದ್ಧ ಮುಗಿಯುವ ವೇಳೆಗೆ ಏಳುನೂರಕ್ಕೂ ಮಿಕ್ಕಿ ಮಂದಿ ಮಡಿದಿದ್ದರು. ಅವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು.

1943ರ ಅಕ್ಟೋಬರ್ 10, ಭಾನುವಾರ. ಅಂದು ಗೊತ್ತುಪಡಿಸಿದ ಗುರಿ ಕಾರ್ಖಾನೆಯಲ್ಲ. ಮ್ಯೂನ್‌ಸ್ಟರ್ ನಗರದ ನಟ್ಟನಡುವಿನ ಭಾಗ. ಅಲ್ಲಿ ರೈಲ್ವೆ ಕೆಲಸಗಾರರು ಸಂಸಾರ ಸಮೇತ ವಾಸವಾಗಿದ್ದಾರೆ, ಅವರ ಮನೆಗಳು ನಾಶವಾದರೆ ಶತ್ರುವಿನ ಸಾಗಾಟ ಕುಸಿಯುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಎರಡು ದಿನ ಮೊದಲು ಬ್ರೆಮೆನ್ ದಾಳಿಯಲ್ಲಿ ಆಪ್ತಮಿತ್ರ ಕ್ಲೀವೆನ್ ಅವರ ವಿಮಾನ ಉರುಳಿದ ಸುದ್ದಿ ಕೇಳಿ, ಮೇಜರ್ ಜಾನ್ ಈಗನ್ ರಜೆಯನ್ನು ಮೊಟಕುಗೊಳಿಸಿ ಈ ದಾಳಿಗೆ ಹೊರಟರು. ಅವರಿಗೆ ಅದು ಸೇಡಿನ ದಿನ. ಅದೇ ದಾಳಿಗೆ ಹೊರಟಿದ್ದ ಮತ್ತೊಂದು ದಳದ ದಾರಿ ಗುರುತಿಸುವ ಅಧಿಕಾರಿಯೊಬ್ಬನು ಮಾತ್ರ ಜನವಸತಿಯ ಮೇಲೆ ಬಾಂಬು ಹಾಕಲು ಮನಸ್ಸು ಒಪ್ಪದೆಂದು ಮೇಲಧಿಕಾರಿಯ ಮುಂದೆ ಹೇಳಿಕೊಂಡನು. ಹೋಗದಿದ್ದರೆ ಸೈನಿಕ ನ್ಯಾಯಾಲಯದ ವಿಚಾರಣೆ ಎಂಬ ಉತ್ತರ ಬಂದಿತು. ಅವನು ಹೋದನು.

ನೂರನೆಯ ದಳದಿಂದ ಅಂದು ನಗರದತ್ತ ಸಾಗಿದ ಹದಿಮೂರು ವಿಮಾನಗಳಲ್ಲಿ ಮರಳಿದುದು ಒಂದೇ. ಅದನ್ನು ನಡೆಸಿದವರು ರಾಬರ್ಟ್ ರೊಸೆಂಥಾಲ್, ಬ್ರೂಕ್ಲಿನ್‌ನ ಯಹೂದಿ ವಕೀಲರು. ಈಗನ್ ಸೆರೆ ಸಿಕ್ಕರು. ಸೆರೆಯಲ್ಲಿ ಕ್ಲೀವೆನ್ ಜೀವಂತವಾಗಿರುವುದನ್ನು ಕಂಡರು. ಸೇಡಿಗೆ ಆಧಾರವಾಗಿದ್ದ ಸಾವೇ ನಿಜವಾಗಿರಲಿಲ್ಲ. ಕೆಳಗೆ ನಗರದಲ್ಲಿ ಸತ್ತ ನೂರಾರು ನಾಗರಿಕರ ಸಾವು ಮಾತ್ರ ನಿಜವಾಗಿತ್ತು.

ಒಂದೂವರೆ ವರ್ಷದ ಅನಂತರ ಇದೇ ದಳಕ್ಕೆ ಬೇರೊಂದು ಕೆಲಸ ಬಂದಿತು. ಡಚ್ ರೈಲ್ವೆ ನೌಕರರು 1944ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದುದಕ್ಕೆ ಪ್ರತಿಯಾಗಿ ಜರ್ಮನರು ಪಶ್ಚಿಮ ನೆದರ್‌ಲ್ಯಾಂಡ್ಸ್‌ಗೆ ಆಹಾರ ಸಾಗಾಟವನ್ನು ತಡೆದಿದ್ದರು. ಆ ಚಳಿಗಾಲದ ಕ್ಷಾಮದಲ್ಲಿ ಸುಮಾರು 20,000 ಜನ ಅಸುನೀಗಿದರು. ಗೊತ್ತುಪಡಿಸಿದ ಮಾರ್ಗಗಳಲ್ಲಿ ವಿಮಾನಗಳ ಮೇಲೆ ಗುಂಡು ಹಾರಿಸಬಾರದೆಂಬ ಒಡಂಬಡಿಕೆ ಏರ್ಪಟ್ಟು, 1945ರ ಮೇ 1ರಿಂದ ಅಮೆರಿಕದ ವಿಮಾನಗಳು ಬಾಂಬು ತುಂಬುತ್ತಿದ್ದ ಒಡಲಿನಲ್ಲಿ ಆಹಾರದ ಪೊಟ್ಟಣಗಳನ್ನು ತುಂಬಿಕೊಂಡು ಹೊರಟವು. ಪ್ಯಾರಾಚೂಟ್ ಇರಲಿಲ್ಲ, ಆದುದರಿಂದ ಸುಮಾರು 400 ಅಡಿಗೆ ಇಳಿದು ಸುರಿಯಬೇಕಾಗಿತ್ತು. ಆ ಎತ್ತರದಿಂದ ಕೈ ಬೀಸುವ ಹೆಂಗಸರು, ಓಡಿಬರುವ ಮಕ್ಕಳು, ಹೊಲದಲ್ಲಿ ಟ್ಯುಲಿಪ್ ಹೂಗಳಿಂದ ಬರೆದ ಕೃತಜ್ಞತೆಯ ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದವು.

ವಿಮಾನ ಅದೇ, ಕೀಲು ಅದೇ, ಕೈಯೂ ಅದೇ. ಭೇದವಿದ್ದುದು ಒಡಲಿನಲ್ಲಿದ್ದ ವಸ್ತುವಿನಲ್ಲಿ ಮತ್ತು ಎತ್ತರದಲ್ಲಿ. ಹಾಗೆಂದು ಮೇ ತಿಂಗಳ ಅನ್ನದಿಂದ ಅಕ್ಟೋಬರಿನ ಬೆಂಕಿ ವಜಾ ಆಯಿತೆಂದು ಲೆಕ್ಕ ಬರೆಯುವಂತಿಲ್ಲ. ಒಬ್ಬನ ಖಾತೆಗೆ ಬಂದ ಜಮೆಯಿಂದ ಇನ್ನೊಬ್ಬನಿಗೆ ಸಲ್ಲಬೇಕಾದ ಬಾಕಿ ತೀರುವುದಿಲ್ಲ. ಉಂಡವರು ಡಚ್ಚರು, ಸತ್ತವರು ಮ್ಯೂನ್‌ಸ್ಟರ್‌ನವರು. ನಾಜಿ ಆಡಳಿತದ ಕ್ರೌರ್ಯವನ್ನು ತಡೆಯಲೇಬೇಕಾಗಿತ್ತೆಂಬುದು ದಿಟ. ಆದರೆ ಆ ದಿಟವೂ ಮನೆಯೊಳಗಿದ್ದ ಮಗುವನ್ನು ಗುರಿಯನ್ನಾಗಿ ಮಾಡಲು ಪರವಾನಗಿಯಾಗದು.

ಐವತ್ತೆರಡು ದಾಳಿಗಳಲ್ಲಿ ಹಾರಿದ ರೊಸೆಂಥಾಲ್, ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಯ ಅಭಿಯೋಜಕರ ತಂಡದಲ್ಲಿ ದುಡಿದರು. ಅಲ್ಲಿ ಅಪರಾಧಿಯೆನಿಸಿದವನು ಎದುರಿಗೇ ಕುಳಿತಿದ್ದನು. ಅವನಿಗೆ ಹೆಸರಿತ್ತು, ಮುಖವಿತ್ತು, ಉತ್ತರ ಕೊಡಲು ಅವಕಾಶವಿತ್ತು. ನ್ಯಾಯಕ್ಕೂ ಸೇಡಿಗೂ ಇರುವ ಅಂತರ ಇಷ್ಟೇ.

ಯುದ್ಧವಿಮಾನ ಹತ್ತದವರಿಗೂ ಇದರಲ್ಲಿ ಪಾಠವಿದೆ. ಗದ್ದುಗೆಯ ಮೇಲೆ ಕುಳಿತು ಕಾಗದಕ್ಕೆ ಸಹಿ ಹಾಕುವವನೂ, ಕಾಣದ ಊರಿನ ಕೂಲಿಯವನ ಸಂಬಳ ಕಡಿಯುವವನೂ ಒಂದು ಬಗೆಯ ಎತ್ತರದಲ್ಲೇ ಇರುತ್ತಾರೆ. ಕೀಲನ್ನು ಎಳೆಯುವ ಮುನ್ನ ಮುಖ ಕಾಣುವಷ್ಟು ಕೆಳಗೆ ಇಳಿದು ನೋಡುವುದು ವಿವೇಕಿಯ ಕರ್ತವ್ಯ.