ವಿಲನ್ ನಮ್ಮ ಸೀನಿಯರ್!

ಇಂಟರ್ನಲ್ಸ್ ಮುಗಿದ ರಾತ್ರಿ ಯಾವ ಸಿನಿಮಾ ನೋಡೋದು ಅನ್ನೋದು ನಮ್ಮ ಹಾಸ್ಟೆಲ್ ರೂಮಿನ ದೊಡ್ಡ ಜಗಳ. ಒಬ್ಬನಿಗೆ ಹಾರರ್ ಆಗಲ್ಲ, ಇನ್ನೊಬ್ಬನಿಗೆ ಅಳೋ ಸಿನಿಮಾ ಬೇಡ, ಮೂರನೆಯವನಿಗೆ ತಲೆ ಓಡಿಸೋ ಶಕ್ತಿ ಉಳಿದಿರಲ್ಲ. ಕೊನೆಗೆ ಎಲ್ಲರೂ ಒಪ್ಪೋದು ಹಳೇ ಕಾಲದಲ್ಲಿ ನಡೆಯುವ, ನಗಿಸ್ತಾ ಓಡುವ ಸಾಹಸದ ಕಥೆಗೆ. ಅದರಲ್ಲೂ 1999ರ ‘ದಿ ಮಮ್ಮಿ’ಗೆ. ನಾವು ಹುಟ್ಟೋಕೆ ಮುಂಚೆ ಬಂದ ಸಿನಿಮಾ, ಆದ್ರೂ ಬೋರ್ ಹೊಡೆಸಲ್ಲ.

ನೋಡದೇ ಇರೋರಿಗೆ ಚಿಕ್ಕದಾಗಿ ಹೇಳ್ತೀವಿ. ಕಥೆಯ ಬಹುಪಾಲು ನಡೆಯೋದು 1926ರ ಈಜಿಪ್ಟಿನಲ್ಲಿ. ಗುಂಡು ಹಾರಿಸುವ ಓಕಾನಲ್ ಆಗಿ ಬ್ರೆಂಡನ್ ಫ್ರೇಸರ್, ಲೈಬ್ರರಿಯಲ್ಲಿ ಕೆಲಸ ಮಾಡುವ ಎವ್ಲಿನ್ ಆಗಿ ರೇಚಲ್ ವೈಸ್. ಹಮುನಾಪ್ತ್ರಾ ಅನ್ನೋ ಕಾಲ್ಪನಿಕ ನಗರ ಹುಡುಕಿಕೊಂಡು ಹೋಗಿ, ಮೂರು ಸಾವಿರ ವರ್ಷ ಹೂತಿದ್ದ ಇಮ್ಹೋಟೆಪ್ ಎಂಬ ಪೂಜಾರಿಯನ್ನು ಎಬ್ಬಿಸಿಬಿಡ್ತಾರೆ.

ನಮಗೆ ಇಷ್ಟ ಆಗೋದು ಅಲ್ಲಿ ಫೋನ್ ಇಲ್ಲ, ಮ್ಯಾಪ್ ಆ್ಯಪ್ ಇಲ್ಲ ಅನ್ನೋದು. ಗೊತ್ತಿರಬೇಕು, ಇಲ್ಲಾಂದ್ರೆ ಓಡಬೇಕು. ಕತ್ತಲೆ ಕೋಣೆಯಲ್ಲಿ ಎವ್ಲಿನ್ ಒಂದು ಕನ್ನಡಿ ತಿರುಗಿಸಿದರೆ ಬೆಳಕು ಕನ್ನಡಿಯಿಂದ ಕನ್ನಡಿಗೆ ಹಾರಿ ಇಡೀ ಜಾಗ ಬೆಳಗುತ್ತೆ. ಕ್ಲೈಮ್ಯಾಕ್ಸಿನಲ್ಲಿ ಅವಳ ಅಣ್ಣ ಪುಸ್ತಕ ಹಿಡ್ಕೊಂಡು ಒಂದು ಚಿಹ್ನೆ ಓದಕ್ಕಾಗದೆ ಒದ್ದಾಡ್ತಾನೆ. ಅವಳು ಹೊಡೆದಾಟದ ನಡುವೆಯೇ ಹೇಳಿಕೊಡ್ತಾಳೆ. ಕನ್ನಡ ಪೇಪರನ್ನು ಅಕ್ಷರ ಅಕ್ಷರ ಕೂಡಿಸಿ ಓದುವ ನಮ್ಮಂಥ ಇಂಗ್ಲಿಷ್ ಮೀಡಿಯಂ ಪಾರ್ಟಿಗಳಿಗೆ ಆ ಅಣ್ಣನ ಕಷ್ಟ ಚೆನ್ನಾಗಿ ಅರ್ಥ ಆಗುತ್ತೆ.

ಈಗ ಮುಖ್ಯ ವಿಷಯ. ಇಮ್ಹೋಟೆಪ್ ನಿಜವಾಗಲೂ ಇದ್ದ! ಆದ್ರೆ ಸಿನಿಮಾ ಹೇಳುವ ಕಾಲಕ್ಕಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದೆ. ಜೋಸರ್ ರಾಜನ ಹತ್ತಿರ ದೊಡ್ಡ ಅಧಿಕಾರಿ. ಸಕ್ಕಾರಾದಲ್ಲಿರುವ ಮೆಟ್ಟಿಲು ಪಿರಮಿಡ್ ಕಟ್ಟಿದ ಹೆಗ್ಗಳಿಕೆ ಇವನದೇ ಅಂತಾರೆ. ಅಲ್ಲಿವರೆಗೆ ರಾಜರ ಗೋರಿ ಅಂದ್ರೆ ಹೆಚ್ಚಾಗಿ ಮಣ್ಣಿನ ಇಟ್ಟಿಗೆಯದು. ಇಲ್ಲಿ ಕಲ್ಲು, ಒಂದರ ಮೇಲೊಂದು ಆರು ಹಂತ, ಸುಮಾರು 60 ಮೀಟರ್ ಎತ್ತರ. ಗಿಜಾದ ಪಿರಮಿಡ್‌ಗಳು ಬಂದದ್ದು ಆಮೇಲೆ. ಅಂದ್ರೆ ಈತ ನಮ್ಮ ಸಿವಿಲ್ ಬ್ರಾಂಚಿನ ಎಲ್ಲರಿಗಿಂತ ಹಳೇ ಸೀನಿಯರ್. ಅವನ ಜನ ಮುಂದೆ ಅವನನ್ನ ವೈದ್ಯಕೀಯದ ದೇವರು ಅಂತ ಪೂಜಿಸಿದರು. ಹಾಲಿವುಡ್ ಅವನನ್ನ ಮನುಷ್ಯರನ್ನು ಹೀರುವ ಹೆಣ ಮಾಡಿತು.

ಇದನ್ನ ಓದಿದಾಗ ನಮ್ಮಲ್ಲಿ ಒಬ್ಬ ಕೇಳಿದ, “ಜಕಣಾಚಾರೀನ ಯಾರಾದ್ರೂ ಹಿಂಗೆ ದೆವ್ವ ಮಾಡಿದ್ರೆ ಪಾಪ್‌ಕಾರ್ನ್ ತಿಂತಾ ನಗ್ತಿದ್ವೇನೋ?” ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಗಮನಿಸಿದ್ವಿ: ಕಥೆ ಈಜಿಪ್ಟಿನದು, ಆದರೆ ಹೀರೋ ಅಮೆರಿಕದವನು, ಊರಿನ ಜನಕ್ಕೆ ಹೆಚ್ಚಾಗಿ ಸಿಕ್ಕಿರೋದು ದುರಾಸೆಯ ಜೈಲರ್ ಥರದ ಪಾತ್ರ, ಇಲ್ಲಾ ಗುಂಪಿನಲ್ಲಿ ಸಾಯೋ ಪಾತ್ರ. ಮರಳಿನ ಹುಳಾನೂ ಬಿಟ್ಟಿಲ್ಲ. ಈಜಿಪ್ಟಿನವರಿಗೆ ಪವಿತ್ರವಾಗಿದ್ದ, ಸಗಣಿ ಉಂಡೆ ಉರುಳಿಸುವ ಪಾಪದ ಜೀರುಂಡೆ ಇಲ್ಲಿ ಮನುಷ್ಯರ ಮಾಂಸ ತಿನ್ನುತ್ತೆ!

ಹಾಗಂತ ಸಿನಿಮಾ ಬಿಡೋದಾ? ಬಿಡಲ್ಲ. ಅದು ನೋಡದಿದ್ರೆ ಇಮ್ಹೋಟೆಪ್ ಹೆಸರೇ ನಮ್ಮ ಕಿವಿಗೆ ಬೀಳ್ತಿರಲಿಲ್ಲ. ಮಜಾ ಮಾಡಕ್ಕೆ ಪಾಠ ಬೇಕಿಲ್ಲ ನಿಜ. ಆದ್ರೆ ಅದು ಯಾರ ಅಜ್ಜನ ಕಥೆ ಅಂತ ಒಂದು ಸಲ ಕೇಳಿದ್ರೆ ಮಜಾ ಕಮ್ಮಿ ಆಗಲ್ಲ, ನಮಗಂತೂ ಜಾಸ್ತಿನೇ ಆಯ್ತು. ನೀವೂ ನೋಡಿ. ಮುಗಿದ ಮೇಲೆ ಸಕ್ಕಾರಾದ ಫೋಟೋ ಒಂದು ತೆಗೆದು, ಆ ಆರು ಹಂತ ಇಷ್ಟು ವರ್ಷ ಹೇಗೆ ನಿಂತಿವೆ ಅಂತ ಯಾರಾದ್ರೂ ಸಿವಿಲ್‌ನವರನ್ನ ಕೇಳಿ.